ಮುಟ್ಟಿದ್ದು ಮೂಲೆಗೆ

ಇಷ್ಟಕ್ಕೆಲ್ಲ ಕಾರಣ ಒಂದು ಬೆಲ್ಟು. ಸೊಂಟಕ್ಕೆ ಬಿಗಿಯುವುದಲ್ಲ, ಹಳೆಯ ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲಿ ಚಕ್ರ ತಿರುಗಿಸುವ, ಬಳೆಯಷ್ಟಗಲದ ಕಪ್ಪು ರಬ್ಬರಿನ ಬೆಲ್ಟು. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಒಂದು ಟೀಗಿಂತ ಕಡಿಮೆಗೆ ಸಿಗುತ್ತದೆ. ಆದರೆ ಅಂಗಡಿಗೆ ಹೋಗಿ ಕೇಳುವುದು ರಬ್ಬರ್‌ಬ್ಯಾಂಡನ ಜಾಯಮಾನವಲ್ಲ.

ವಠಾರದವರೆಲ್ಲ ಅವನನ್ನು ರಬ್ಬರ್‌ಬ್ಯಾಂಡ್ ಎಂದೇ ಕರೆಯುತ್ತಿದ್ದರು. ಆಫೀಸಿನ ರೆಕಾರ್ಡ್ ರೂಮಿನಲ್ಲಿ ಅವನು ಗುಮಾಸ್ತ. ಕಡತ ಕಟ್ಟಲು ಕೊಟ್ಟ ರಬ್ಬರ್‌ಬ್ಯಾಂಡುಗಳಲ್ಲಿ ಅರ್ಧ ಕಡತಕ್ಕೆ, ಅರ್ಧ ಅವನ ಜೇಬಿಗೆ. ಮನೆಯಲ್ಲಿ ಯಾವುದೇ ಸಾಮಾನು ಕೆಟ್ಟರೂ ಅವನ ಮೊದಲ ಮದ್ದು ಅದೇ. ಟಿವಿಯ ರಿಮೋಟು ಸುತ್ತಿಸಿಕೊಂಡು ಸುತ್ತಿಸಿಕೊಂಡು ಮೂಳೆ ಮುರಿದವನ ಕೈಯಂತಾಗಿತ್ತು. ಮಿಕ್ಸಿಯ ಗುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದ. ಅದನ್ನು ನಿಲ್ಲಿಸಬೇಕಾದರೆ ಪ್ಲಗ್ಗನ್ನೇ ಕೀಳಬೇಕು. ಕಾಲಿಂಗ್ ಬೆಲ್ ಸರಿ ಮಾಡಿದ ಮೇಲೆ ಫ್ಯಾನ್ ಹಾಕಿದಾಗಲೆಲ್ಲ ಬೆಲ್ ಹೊಡೆಯತೊಡಗಿತ್ತು. ಹಾಗಾಗಿ ಬೇಸಿಗೆಯಲ್ಲಿ ಬಂದ ನೆಂಟರಿಗೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಹಿಂದೊಮ್ಮೆ, ಒಂದೇ ಒಂದು ಸಲ, ಸತ್ತ ರಿಮೋಟಿನ ಒಳಭಾಗವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದಾಗ ಅದು ನಿಜವಾಗಿಯೂ ಬದುಕಿತ್ತು. ಆ ಒಂದು ಗೆಲುವೇ ಅವನನ್ನು ಕೆಡಿಸಿದ್ದು.

ಅವನ ಕೈಚಳಕದ ಬಗ್ಗೆ ಕೊನೆಯ ತೀರ್ಪು ಕೊಟ್ಟವಳು ಅತ್ತೆ, ಹೆಂಡತಿಯ ತಾಯಿ. ಮದುವೆಯಾದ ಹೊಸತರಲ್ಲಿ ಅವಳ ರೇಡಿಯೋವನ್ನು ಅವನು ಬಿಚ್ಚಿ ಜೋಡಿಸಿದ್ದ. ಸ್ವಿಚ್ ಹಾಕಿದಾಗ ವಾರ್ತೆಯ ಬದಲು ಹೊಗೆ ಬಂತು. ಅತ್ತೆ ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ, ಮೂಗಿನಿಂದ, "ಅಳಿಯಂದ್ರು ಮುಟ್ಟಿದ್ದು ಮೂಲೆಗೆ" ಎಂದಳು, ಅಷ್ಟೆ. ಅದು ಆ ಕಡೆಯ ನೆಂಟರಿಷ್ಟರಲ್ಲೆಲ್ಲ ಗಾದೆಯಾಗಿಹೋಯಿತು. ಒಂದು ದಿನ ಅವಳೆದುರೇ ಏನನ್ನಾದರೂ ಸರಿ ಮಾಡಿ ತೋರಿಸಬೇಕೆಂದು ಅವನು ಕಾಯುತ್ತಿದ್ದ. ಕಳೆದ ವರ್ಷ ಅತ್ತೆ ತೀರಿಕೊಂಡಳು. ಕುಸ್ತಿಯ ನಡುವೆ ಎದುರಾಳಿ ಎದ್ದು ಮನೆಗೆ ಹೋದಂತಾಗಿತ್ತು ಅವನಿಗೆ.

ಹೀಗಿರುವಾಗ ಹೆಂಡತಿಯ ಅಕ್ಕ ಅತ್ತೆಯ ಟೇಪ್ ರೆಕಾರ್ಡರನ್ನು ಕಳಿಸಿಕೊಟ್ಟಳು. ಅದು ಓಡುತ್ತಿರಲಿಲ್ಲ. ಒಳಗೊಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಮುಚ್ಚಳದ ಗಾಜಿನಲ್ಲಿ ಇಣುಕಿದರೆ ಅತ್ತೆಯ ಕೈಬರಹ: 'ಚಿಕ್ಕವಳಿಗೆ'. ಚಿಕ್ಕವಳೆಂದರೆ ಇವನ ಹೆಂಡತಿ. ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದ ಮೇಲೆ ಅತ್ತೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅದರಲ್ಲಿ ಏನೋ ಮಾತಾಡಿದ್ದಳಂತೆ. ಆಮೇಲೆ ಯಂತ್ರ ಕೆಟ್ಟಿತು, ಆಮೇಲೆ ಅತ್ತೆ ಹೋದಳು. ಅವಳು ಹೇಳಿದ್ದೇನೆಂದು ಯಾರೂ ಕೇಳಿರಲಿಲ್ಲ.

ಹೆಂಡತಿ ದಿನಾ ಅದರ ಧೂಳು ಒರೆಸುತ್ತಿದ್ದಳು. ಗಾಜಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅವಳು ಕೆಲಸ ಮಾಡುವುದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಆ ದಿನ ಹೊರಡುವಾಗ ಹೇಳಿದಳು:

"ರೀ, ಅದನ್ನ ಮುಟ್ಟಬೇಡಿ. ಲ್ಯಾಬ್ ಪಕ್ಕದಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಕೇಳ್ಕೊಂಡು ಬರ್ತೀನಿ."

"ನಾನ್ಯಾಕೆ ಮುಟ್ಟಲಿ?"

"ಮತ್ತೆ ಕಿವಿ ಮೇಲೆ ಸ್ಕ್ರೂಡ್ರೈವರ್ ಯಾಕಿದೆ?"

"ಕಿವಿ ಕೆರೀತಿತ್ತು."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲು ಇಳಿಯುವ ಸದ್ದು ಮುಗಿಯುವ ಮೊದಲೇ ಇವನು ಹೊಟ್ಟೆನೋವೆಂದು ಆಫೀಸಿಗೆ ಫೋನ್ ಮಾಡಿದ್ದ. ಅವನ ಲೆಕ್ಕಾಚಾರ ಸರಳವಾಗಿತ್ತು. ಸಂಜೆ ಹೆಂಡತಿ ಬರುವ ಹೊತ್ತಿಗೆ ಯಂತ್ರ ಮಾತಾಡುತ್ತಿರಬೇಕು. ಸತ್ತ ಅತ್ತೆಯ ಬಾಯನ್ನು ಅಳಿಯನೇ ತೆರೆಸಿರಬೇಕು. ಆಮೇಲೆ ಯಾವ ಬಾಯಲ್ಲಿ 'ಮುಟ್ಟಿದ್ದು ಮೂಲೆಗೆ' ಅನ್ನುತ್ತಾರೋ ನೋಡೋಣ.

ಮೊದಲಿಗೆ ಎಲ್ಲ ಸಲೀಸಾಗಿ ನಡೆಯಿತು. ಹೆಂಡತಿಯ ಬಾಚಣಿಗೆಯ ಹಿಡಿಯನ್ನು ಸಂದಿಗೆ ತೂರಿಸಿ ಮೀಟಿದಾಗ ಮುಚ್ಚಳ ತೆರೆಯಿತು, ಕ್ಯಾಸೆಟ್ಟು ಹೊರಬಂತು. ಬಾಚಣಿಗೆ ಮುರಿಯಿತು, ಅದು ಬೇರೆ ವಿಷಯ. ಹಿಂದಿನ ಸ್ಕ್ರೂಗಳನ್ನು ಬಿಚ್ಚಿ ನೋಡಿದರೆ ಬೆಲ್ಟೇ ಇಲ್ಲ. ಬೆಲ್ಟಿದ್ದ ಜಾಗದಲ್ಲಿ ಡಾಂಬರಿನಂಥ ಒಂದು ಅಂಟು. ಹಳೆಯ ರಬ್ಬರು ಕರಗಿ ನೀರಾಗಿತ್ತು. ಒರೆಸಲು ಹೋದ. ಅಂಟು ಚಕ್ರದಿಂದ ಬೆರಳಿಗೆ, ಬೆರಳಿಂದ ಮೂಗಿಗೆ, ಮೂಗಿಂದ ಟವೆಲ್ಲಿಗೆ, ಟವೆಲ್ಲಿಂದ ಪರದೆಗೆ, ಕರೆಯದ ನೆಂಟನಂತೆ ಮನೆಯೆಲ್ಲ ಓಡಾಡಿತು. ಉಜ್ಜಿ ಉಜ್ಜಿ ಚಕ್ರಗಳನ್ನಷ್ಟು ಸ್ವಚ್ಛ ಮಾಡಿದ. ಆಮೇಲೆ ಜೇಬಿಗೆ ಕೈಹಾಕಿ ಒಂದು ರಬ್ಬರ್‌ಬ್ಯಾಂಡ್ ತೆಗೆದು ಎರಡು ಚಕ್ರಗಳಿಗೂ ತೊಡಿಸಿದ. ತುಸು ಸಡಿಲವಾಯಿತು. ಪರವಾಗಿಲ್ಲ, ಸಡಿಲವಾದರೆ ನಿಧಾನ, ನಿಧಾನವೇ ಪ್ರಧಾನ ಎಂದುಕೊಂಡ.

ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಮೊದಲಿಗೆ ಸುತ್ತಿ ಮತ್ತೆ ಒಳಗಿಟ್ಟು ಸ್ವಿಚ್ ಹಾಕಿದ್ದೇ ತಡ, ಟಪ್ ಎಂದು ಇಡೀ ವಠಾರದ ಕರೆಂಟು ಹೋಯಿತು.

ಮೊದಲು ಬಂದವಳು ಎದುರುಮನೆಯ ಟೈಲರಕ್ಕ. ಕತ್ತಿನಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು ಹೇಳಿದಳು: "ಅರ್ಧ ತೋಳು ಹೊಲಿದಿದ್ದೀನಿ ತಮ್ಮಾ. ಉಳಿದರ್ಧ ದಾರ ನಿನ್ನ ಬಾಯಿಗೆ ಹಾಕ್ಲಾ?"

ಹಿಂದೆಯೇ ಮಹಡಿಯ ಮೇಷ್ಟ್ರು ಪೇಪರ್ ಹಿಡಿದುಕೊಂಡು ಇಳಿದು ಬಂದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಎಲ್ಲಿ ಹೋದರೂ ಪರೀಕ್ಷೆಯ ಹಾಲಿಗೆ ಬಂದವರಂತೆ ನಿಲ್ಲುತ್ತಿದ್ದರು. "ಟಿವೀಲಿ ಮಂತ್ರಿ ಆಗಷ್ಟೇ ಬಾಯಿ ತೆಗೆದಿದ್ದ. ಅಷ್ಟರಲ್ಲಿ ನೀನು ಕರೆಂಟ್ ತೆಗೆದೆ. ಇವತ್ತು ನಿನ್ನಿಂದ ದೇಶಕ್ಕೆ ಒಂದು ಉಪಕಾರವಾಯ್ತು ಕಣಯ್ಯಾ."

ಅವನು ತಾನೇ ಹಾಕಿದ್ದ ವೈರಿನ ಗಂಟನ್ನು ಬಿಚ್ಚಿ, ಕಪ್ಪು ಟೇಪು ಸುತ್ತಿ, ಫ್ಯೂಸ್ ಹಾಕಿದ. ಕರೆಂಟು ಬಂತು. ಬಂದವರು ಮಾತ್ರ ಹೋಗಲಿಲ್ಲ.

"ನಾನಿಲ್ಲೇ ಕೂತಿರ್ತೀನಿ," ಎಂದರು ಮೇಷ್ಟ್ರು, ಇದ್ದ ಒಂದೇ ಬೆತ್ತದ ಕುರ್ಚಿಯನ್ನು ಎಳೆದುಕೊಳ್ಳುತ್ತ. "ಹೇಗೂ ಇನ್ನೊಂದ್ಸಲ ಹೋಗುತ್ತೆ. ಮೆಟ್ಟಿಲು ಇಳಿಯೋ ಕಷ್ಟವಾದ್ರೂ ತಪ್ಪಲಿ."

ಟೈಲರಕ್ಕ ನೆಲದ ಮೇಲೆ ಯಂತ್ರದೆದುರು ಚಕ್ಕಳಮಕ್ಕಳ ಹಾಕಿ ಕೂತಳು. "ಎಲ್ಲಿ, ಓಡಿಸು ನೋಡೋಣ."

ಓಡಿಸುವುದು ಹೇಗೆ? ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಅತ್ತೆಯ ಬೆರಳಿಗೆ ಸವೆದುಹೋಗಿದ್ದವು. ಹಾಡಿಸುವ ಗುಂಡಿಯ ತಲೆಯೇ ಮುರಿದು ಒಂದು ತಗಡಿನ ಮೊಟಕು ಉಳಿದಿತ್ತು, ಬೆರಳಿಟ್ಟರೆ ಜಾರುತ್ತಿತ್ತು. ಅದರ ಪಕ್ಕದಲ್ಲೊಂದು ಕೆಂಪು ಗುಂಡಿ ಮಾತ್ರ ಗಟ್ಟಿಮುಟ್ಟಾಗಿತ್ತು.

"ಆ ಕೆಂಪುದು ಒತ್ತು ತಮ್ಮಾ. ನಮ್ಮನೇಲಿದ್ದಿದ್ದೂ ಹಿಂಗೇ. ಕೆಂಪುದು ಒತ್ತಿದ್ರೆ ಪಕ್ಕದ್ದೂ ಜೊತೇಲಿ ಹೋಗೋದು."

ಒತ್ತಿದ. ಕೆಂಪು ಗುಂಡಿ ಜಪ್ಪಯ್ಯ ಎನ್ನಲಿಲ್ಲ. ಒಳಗೆ ಏನೋ ಅಡ್ಡ ಬರುತ್ತಿತ್ತು. ಕ್ಯಾಸೆಟ್ಟನ್ನು ಹೊರತೆಗೆದು ಹಿಂದೆ ಮುಂದೆ ತಿರುಗಿಸಿದ. ಬೆನ್ನಿನಂಚಿನಲ್ಲಿ ಎರಡು ಪುಟ್ಟ ಕಿಂಡಿಗಳು ಕಂಡವು.

"ಇಲ್ನೋಡಕ್ಕಾ, ಮುರಿದಿದೆ. ಇಲ್ಲಿ ಪ್ಲಾಸ್ಟಿಕ್ ಮುಚ್ಚಿರಬೇಕು. ಇದಕ್ಕೇ ಗುಂಡಿ ಕೂರ್ತಿಲ್ಲ."

"ಬಿದ್ದು ಮುರಿದಿರಬೇಕು. ಪಾಪ, ವಯಸ್ಸಾದವರ ಕೈ."

ಮೇಷ್ಟ್ರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು: "ಮಾತು ಸಾಕು. ಟೇಪ್ ಹಾಕಿ ನೋಡಿ, ಗೊತ್ತಾಗುತ್ತೆ."

"ಕೇಳಿದ್ಯಾ? ಟೇಪ್ ಹಾಕ್ಬೇಕಂತೆ," ಎಂದಳು ಟೈಲರಕ್ಕ.

ಅವನು ಅವಳ ಕತ್ತು ನೋಡಿದ.

"ಇದಲ್ಲ ಕಣೋ. ಇದು ಅಳತೆ ಟೇಪು. ವೈರಿಗೆ ಸುತ್ತಿದ್ಯಲ್ಲ, ಆ ಕಪ್ಪು ಟೇಪು."

ಅವನಿಗೂ ಸರಿಯೆನಿಸಿತು. ತೂತು ಅಂದಮೇಲೆ ಮುಚ್ಚುವುದು ಧರ್ಮ. ಕಪ್ಪು ಟೇಪಿನ ಎರಡು ತುಣುಕು ಕತ್ತರಿಸಿ, ಉಗುರಿನಿಂದ ತಿಕ್ಕಿ ತಿಕ್ಕಿ, ಎರಡು ಕಿಂಡಿಗಳನ್ನೂ ನೀಟಾಗಿ ಮುಚ್ಚಿದ. ಕ್ಯಾಸೆಟ್ಟು ಒಳಗಿಟ್ಟು ಒತ್ತಿದಾಗ ಕೆಂಪು ಗುಂಡಿ, ಅಜ್ಜಿ ಚಾಪೆಯ ಮೇಲೆ ಕೂತಂತೆ, ನಿಧಾನಕ್ಕೆ ಕೂತಿತು. ಪಕ್ಕದ ಮೊಟಕನ್ನೂ ಜೊತೆಗೆ ಎಳೆದುಕೊಂಡಿತು. ಚಕ್ರಗಳು ತಿರುಗಿದವು, ಊಟವಾದ ಮೇಲಿನ ಗುಮಾಸ್ತನಂತೆ, ಆದರೂ ತಿರುಗಿದವು.

"ಭೇಷ್," ಎಂದರು ಮೇಷ್ಟ್ರು. ಅವರ ಬಾಯಿಂದ ಆ ಮಾತು ಕೇಳಲು ಎಷ್ಟೋ ವಿದ್ಯಾರ್ಥಿಗಳು ಕಾದು ಮುದುಕರಾಗಿದ್ದರು.

ಸದ್ದು ಮಾತ್ರ ಬರಲಿಲ್ಲ.

ಸದ್ದಿನ ಗುಂಡಿ ತಿರುಗಿಸಿದ. ಯಂತ್ರದ ಬೆನ್ನಿಗೆ ಎರಡು ಗುದ್ದಿದ. ಸ್ಪೀಕರಿನ ವೈರು ಎಳೆದು ನೋಡಿದ. ಟೈಲರಕ್ಕ ಕಿವಿಗೊಟ್ಟು, "ಒಳಗೆ ಏನೋ ಉಸಿರಾಡ್ತಿದೆ" ಎಂದಳು. ಮೇಷ್ಟ್ರು ಎದ್ದು ಬಂದು ಬಗ್ಗಿದರು. ಮೂರು ತಲೆಗಳು ಕೂಡಿದವು, ಮೂವರೂ ಒಟ್ಟಿಗೆ ಮಾತಾಡಿದರು, ಚಕ್ರಗಳು ಮಾತ್ರ ಮೌನವಾಗಿ ತಿರುಗುತ್ತಲೇ ಇದ್ದವು.

"ಅಷ್ಟಕ್ಕೂ ಇದರಲ್ಲಿ ಏನಿರುತ್ತೆ?" ಎಂದಳು ಟೈಲರಕ್ಕ.

"ಏನಿರುತ್ತೆ, ನಂಗೆ ಬೈಗುಳ."

"ಹೆಂಗೆ ಬೈತಿದ್ರು?"

ಕೇಳಬಾರದಿತ್ತು. ಇಷ್ಟು ವರ್ಷ ಆ ಗಾದೆಯನ್ನು ನುಂಗಿಕೊಂಡು ಬಂದವನಿಗೆ ಇಬ್ಬರು ಪ್ರೇಕ್ಷಕರು ಸಿಕ್ಕಿದ್ದರು. ಅಂಟು ಮೆತ್ತಿದ ಟವೆಲ್ಲನ್ನು ತಲೆಗೆ ಹೊದ್ದುಕೊಂಡ. ಮೂಗು ಒತ್ತಿ ಹಿಡಿದು, ದನಿ ಸಣ್ಣ ಮಾಡಿ, ಯಂತ್ರದ ಮೇಲೆ ಬಾಗಿ ಶುರುಮಾಡಿದ:

"ಅದನ್ನ ಅಲ್ಲೇ ಇಡಿ, ಅಳಿಯಂದ್ರೇ. ನೀವು ಮುಟ್ಟಿದ್ದು ಮೂಲೆಗೆ. ರೇಡಿಯೋ ಹೋಯ್ತು, ಮಿಕ್ಸಿ ಹೋಯ್ತು. ನನ್ನ ಮಗಳೊಬ್ಬಳು ಹೆಂಗೋ ಕೆಡದೆ ಉಳಿದಿದ್ದಾಳೆ. ಅವಳನ್ನ ರಿಪೇರಿ ಮಾಡೋಕೆ ಹೋಗ್ಬೇಡಿ. ಮಗಳೇ, ನಿನಗೆ ಎರಡು ಕೈ ಕೊಟ್ಟಿಲ್ವಾ ನಾನು? ನಿನ್ನ ಕೆಲಸ ನೀನೇ ಮಾಡ್ಕೋ. ಈ ಮನುಷ್ಯನನ್ನ ನಂಬ್ಕೊಂಡು ಕೂತ್ರೆ ಕತ್ತಲೇಲಿ ಕೂರ್ಬೇಕಾಗುತ್ತೆ."

ಟೈಲರಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವನಿಗೂ ಒಳಗೆ ಏನೋ ಹಗುರಾಯಿತು. ಆಮೇಲೆ ಮಾತು ಆ ಅತ್ತೆಯಿಂದ ಈ ಅತ್ತೆಗೆ, ಎಲ್ಲರ ಅತ್ತೆಯರಿಗೂ ಹರಿಯಿತು. ಟೀ ಆಯಿತು. ಕೊನೆಗೆ ಟಕ್ ಎಂದು ಎರಡೂ ಗುಂಡಿಗಳು ತಾವಾಗಿಯೇ ಮೇಲೆದ್ದವು. ಟೇಪು ಮುಗಿದಿತ್ತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಕೆಂಪು ಗುಂಡಿಯನ್ನೇ ನೋಡುತ್ತಿದ್ದರು. "ಅಲ್ಲ ಕಣಯ್ಯಾ. ಕೆಂಪು ಗುಂಡಿ ಅಂದ್ರೆ ರೆಕಾರ್ಡ್ ಮಾಡೋದಲ್ವೇನು?"

ಟೈಲರಕ್ಕ ಟೀ ಲೋಟ ಕೆಳಗಿಟ್ಟಳು.

"ಆ ಕಿಂಡಿ," ಎಂದು ಮೇಷ್ಟ್ರು ಮುಂದುವರಿಸಿದರು, ಉತ್ತರಪತ್ರಿಕೆಯಲ್ಲಿ ತಪ್ಪು ಕಂಡವರ ದನಿಯಲ್ಲಿ, "ಬಿದ್ದು ಮುರಿಯೋದಲ್ಲ. ಬೇಕಂತಲೇ ಮುರೀತಾರೆ, ಯಾರೂ ಮೇಲೆ ರೆಕಾರ್ಡ್ ಮಾಡಬಾರದು ಅಂತ."

"ನೀವೇ ಅಲ್ವಾ ಮೇಷ್ಟ್ರೇ ಟೇಪ್ ಹಾಕಿ ಅಂದಿದ್ದು?"

"ನಾನು ಹೇಳಿದ್ದು ಹಾಡೋ ಟೇಪು. ಅಂಟಿಸೋದಲ್ಲ. ಕನ್ನಡ ಬರಲ್ವೇನು ನಿಮಗೆ?"

ಟೈಲರಕ್ಕನಿಗೆ ತಟ್ಟನೆ ಅರ್ಧ ಹೊಲಿದ ತೋಳು ನೆನಪಾಯಿತು. ಮೇಷ್ಟ್ರಿಗೆ ಮಂತ್ರಿ ನೆನಪಾದ. ಬರುವಾಗ ಅಷ್ಟು ಗದ್ದಲ ಮಾಡಿಕೊಂಡು ಬಂದವರು ಹೋಗುವಾಗ ಚಪ್ಪಲಿಯ ಸದ್ದೂ ಆಗದಂತೆ ಹೋದರು.

ಅವನು ಪೆನ್ಸಿಲ್ ತೂರಿಸಿ ಟೇಪನ್ನು ಹಿಂದಕ್ಕೆ ಸುತ್ತಿದ. ಮೊಟಕು ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದ. ಈ ಸಲ ಸದ್ದು ಚೆನ್ನಾಗಿಯೇ ಬಂತು. ಟೈಲರಕ್ಕನ ಮಾತು, ಮೇಷ್ಟ್ರ ಕೆಮ್ಮು, ಆಮೇಲೆ ಅವನದೇ ದನಿ, ಮೂಗು ಹಿಡಿದು ಅಣಕಿಸುತ್ತಿರುವ ದನಿ. ಮುಂದಕ್ಕೆ ಓಡಿಸಿದ. ಮಗುಚಿ ಹಾಕಿ ಹಿಂಬದಿಯನ್ನೂ ಕೇಳಿದ. ಅಲ್ಲೇನೂ ಇರಲಿಲ್ಲ, ಮಳೆ ಸುರಿದಂಥ ಸದ್ದು ಬಿಟ್ಟರೆ. ಅತ್ತೆ ಎಲ್ಲೂ ಇರಲಿಲ್ಲ.

ಸಾಯುವವಳು ಬಾಗಿಲು ಹಾಕಿಕೊಂಡು ಮಗಳಿಗೆ ಏನು ಹೇಳಿದ್ದಳು? ಬೈದಿದ್ದಳೋ, ಅತ್ತಿದ್ದಳೋ, ಯಾವ ಡಬ್ಬಿ ಎಲ್ಲಿದೆ ಎಂದಿದ್ದಳೋ. ಇವನ ಬಗ್ಗೆ ಒಂದು ಒಳ್ಳೆಯ ಮಾತೇ ಆಡಿದ್ದಳೋ ಏನೋ. ಇನ್ನು ಅದು ಯಾರಿಗೂ ಗೊತ್ತಾಗುವುದಿಲ್ಲ. ಬೇರೆಯ ಸಾಮಾನಾದರೆ ಕೆಟ್ಟರೆ ಇನ್ನೊಂದು ತರಬಹುದಿತ್ತು. ಇದಕ್ಕೆ ಅವನ ಜೇಬಿನಲ್ಲಿ ಮದ್ದಿರಲಿಲ್ಲ.

ಕಡೆಗೆ, ತನ್ನ ಅಣಕವನ್ನಾದರೂ ತೆಗೆದುಬಿಡೋಣ, ಖಾಲಿ ಕೋಣೆಯಲ್ಲಿ ಸುಮ್ಮನೆ ಓಡಿಸಿ ಬರೀ ಮೌನ ತುಂಬಿಸೋಣ ಎಂದು ಕ್ಯಾಸೆಟ್ಟು ಮಗುಚಿ, ಮೊದಲಿಗೆ ಸುತ್ತಿ, ಮತ್ತೆ ಕೆಂಪು ಗುಂಡಿ ಒತ್ತಿದ. ರಬ್ಬರ್‌ಬ್ಯಾಂಡು ಫಟ್ಟೆಂದು ಹರಿಯಿತು. ಜೇಬು ತಡಕಿದ. ಹುಟ್ಟಿದ ಮೇಲೆ ಮೊದಲ ಸಲ ಎಂಬಂತೆ ಜೇಬು ಬರಿದಾಗಿತ್ತು. ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಕಪ್ಪು ಟೇಪಿನ ತುಣುಕುಗಳನ್ನು ಕಿತ್ತು, ಕ್ಯಾಸೆಟ್ಟನ್ನು ಒಳಗಿಟ್ಟು, ಅವಸರದಲ್ಲಿ ಸ್ಕ್ರೂ ಬಿಗಿದ. ಒಂದು ಸ್ಕ್ರೂ ಉಳಿಯಿತು. ಪ್ರತಿ ಸಲವೂ ಒಂದು ಉಳಿಯುತ್ತಿತ್ತು.

ಹೇಳಿಬಿಡುವುದೆಂದು ತೀರ್ಮಾನಿಸಿದ. 'ಅತ್ತೆಯ ದನಿ ಅಳಿಸಿಬಿಟ್ಟೆ' ಎಂದು ಮನಸ್ಸಿನಲ್ಲೇ ಹೇಳಿ ನೋಡಿದ. ಮೂರೇ ಮಾತು. ಆಡುವುದಕ್ಕೇನು ಕಷ್ಟ?

ಹೆಂಡತಿ ಬಂದವಳೇ ಬ್ಯಾಗಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದಳು. ಹೊಸ ಬೆಲ್ಟು. "ಇಷ್ಟೇ ಅಂತೆ ರೀ. ರಿಪೇರಿಯವನು ಹಾಕೋದನ್ನೂ ತೋರಿಸಿಕೊಟ್ಟ. ಹಳೇದು ಕರಗಿ ಅಂಟಾಗಿರುತ್ತೆ, ಸ್ಪಿರಿಟ್‌ನಲ್ಲಿ ಒರೆಸಿ ಅಂದ." ಸ್ಕ್ರೂ ಬಿಚ್ಚಿ ಒಳಗೆ ನೋಡಿದಳು. ಆಮೇಲೆ ಅವನ ಬೆರಳು ನೋಡಿದಳು. "ಕೈ ಯಾಕೆ ಕಪ್ಪಗಿದೆ?"

"ಶೂ ಪಾಲಿಶ್."

"ನಿಮಗಿರೋದು ಚಪ್ಪಲಿ." ಅವಳು ಉಸಿರು ಬಿಟ್ಟಳು. "ಮುಟ್ಟಿದ್ದೀರಿ. ಗೊತ್ತಿತ್ತು. ಹೋಗ್ಲಿ, ಆ ಕಡೆ ಸರೀರಿ."

"ಒಂದು ಮಾತು ಹೇಳೋದಿತ್ತು..."

"ಆಮೇಲೆ ಹೇಳಿ."

ಅವಳು ಬೆಲ್ಟು ತೊಡಿಸಿದಳು. ತಲೆಯ ಹೇರ್‌ಪಿನ್ನಿನಿಂದ ಮೊಟಕು ಗುಂಡಿಯನ್ನು ಒತ್ತಿದಳು. ಚಕ್ರಗಳು ಚುರುಕಾಗಿ ತಿರುಗಿದವು. ಅವನು ಕಣ್ಣು ಮುಚ್ಚಿಕೊಂಡ.

ಮೊದಲು ಗುಬ್ಬಚ್ಚಿಗಳ ಚಿಲಿಪಿಲಿಯಂಥ ಗದ್ದಲ. ಆಮೇಲೆ ತೆಳ್ಳಗಿನ, ಮೂಗಿನಿಂದ ಬರುವ, ಸೂಜಿಯಂಥ ಒಂದು ಮುದಿ ದನಿ: "ಅದನ್ನ ಅಲ್ಲೇ ಇಡಿ, ಅಳಿಯಂದ್ರೇ."

ಅವನು ಥಟ್ಟನೆ ಕಣ್ಣು ತೆರೆದ. ಅತ್ತೆ. ಸಾಕ್ಷಾತ್ ಅತ್ತೆ. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಸಡಿಲವಾದ ರಬ್ಬರ್‌ಬ್ಯಾಂಡಿನಲ್ಲಿ ನಿಧಾನವಾಗಿ ತುಂಬಿದ ದನಿ ಸರಿಯಾದ ಬೆಲ್ಟಿನಲ್ಲಿ ಓಡುತ್ತಿತ್ತು. ಓಡಿ ಓಡಿ ಗಂಡಸಿನ ಗಂಟಲು ಹೆಂಗಸಿನದಾಗಿತ್ತು.

"ಅಮ್ಮ," ಎಂದಳು ಹೆಂಡತಿ, ಗಾಜಿನ ಮೇಲೆ ಬೆರಳಿಟ್ಟು.

"ನನ್ನ ಮಗಳೊಬ್ಬಳು ಹೆಂಗೋ ಕೆಡದೆ ಉಳಿದಿದ್ದಾಳೆ," ಎಂದಿತು ಯಂತ್ರ. "ಮಗಳೇ, ನಿನಗೆ ಎರಡು ಕೈ ಕೊಟ್ಟಿಲ್ವಾ ನಾನು?"

ಅವಳ ಕಣ್ಣಿಂದ ನೀರು ಇಳಿಯಿತು. ಮಾತಿನ ಕೊನೆಗೆ ಯಂತ್ರದೊಳಗೆ ಟೈಲರಕ್ಕನೂ ಮೇಷ್ಟ್ರೂ ಕಿಲಕಿಲ ನಕ್ಕರು. ಅವಳು ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಅಕ್ಕನಿಗೆ ಫೋನ್ ಮಾಡಿ ಇನ್ನೊಂದು ಸಲ ಕೇಳಿಸಿದಳು. ಆ ಕಡೆಯಿಂದಲೂ ಮೂಗೆಳೆಯುವ ಸದ್ದು ಬಂತು. "ಅಮ್ಮಂದೇ ಕಣೇ. ಆ ನಗ್ತಿರೋದು ನಮ್ಮ ಮಕ್ಕಳು. ಬಾಗಿಲ ಸಂದೀಲಿ ನಿಂತಿರ್ಬೇಕು ಕಳ್ಳರು."

ಫೋನಿಟ್ಟ ಮೇಲೆ ಅವಳು ಕ್ಯಾಸೆಟ್ಟು ತೆಗೆದು ಸೆರಗಿನಿಂದ ಒರೆಸಿದಳು. "ಇಲ್ನೋಡಿ, ಈ ಕಿಂಡಿ ಅಮ್ಮನೇ ಮುರಿದಿಟ್ಟಿದ್ದಾಳೆ, ಯಾರೂ ಕೈಯಾಡಿಸಬಾರದು ಅಂತ. ಎಷ್ಟು ಜಾಣೆ." ಆಮೇಲೆ ಎದ್ದು ಅವನ ಸ್ಕ್ರೂಡ್ರೈವರುಗಳು, ಇಕ್ಕಳ, ಟೇಪಿನ ಉರುಳೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದಳು. "ಇದನ್ನೆಲ್ಲ ನಾಳೆ ಆ ರಿಪೇರಿಯವನಿಗೆ ಕೊಟ್ಟುಬಿಡ್ತೀನಿ. ಅಮ್ಮ ಹೇಳಿದ ಮೇಲೆ ಮುಗೀತು."

ಈಗ ಹೇಳದಿದ್ದರೆ ಇನ್ನು ಹೇಳಲಾರೆ ಎಂದು ಅವನಿಗೆ ಗೊತ್ತಿತ್ತು. ಕೂಡಿಸಿಟ್ಟ ಮೂರು ಮಾತಿನಲ್ಲಿ ಒಂದೇ ಹೊರಬಂತು.

"ಅಳಿಸಿದ್ದು ನಾನೇ ಕಣೇ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಹಾಗೆ ಮೆತ್ತಗೆ ನೋಡಿ ಬಹಳ ಕಾಲವಾಗಿತ್ತು.

"ಛೇ, ನೀವೇನು ಅಳಿಸಿದ್ರಿ. ಅಮ್ಮ ಅಳಿಸಿದ್ದು. ಅತ್ತದ್ದು ಒಳ್ಳೇದೇ ಆಯ್ತು ಬಿಡಿ."

ಅವನು ಮತ್ತೆ ಬಾಯಿ ತೆರೆದ. 'ದನಿ' ಎಂಬ ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ಅವಳ ಮುಖ ನೋಡಿ ಮುಚ್ಚಿಕೊಂಡ.

"ಇನ್ನೊಂದ್ಸಲ ಕೇಳೋಣ," ಎಂದು ಅವಳು ಹೇರ್‌ಪಿನ್ನಿನಿಂದ ಒತ್ತಿದಳು. ಕ್ಯಾಸೆಟ್ಟು ತುಸು ಓರೆಯಾಗಿ ಕೂತಂತೆ ಕಂಡಿತು. ಅಭ್ಯಾಸಬಲದಿಂದ ಅವನ ಕೈ ಮುಂದೆ ಹೋಯಿತು.

"ಅದನ್ನ ಅಲ್ಲೇ ಇಡಿ, ಅಳಿಯಂದ್ರೇ," ಎಂದಿತು ಅವನದೇ ದನಿ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.